ಡೇಟಾಬೇಸ್ ಕನೆಕ್ಷನ್ ಎಲ್ಲರಿಗೂ ಬೇಕು, ಪಾಸ್‌ವರ್ಡ್ ಎಲ್ಲರಿಗೂ ಬೇಡ: ಯಾವ ದಾರಿ ಯಾರಿಗೆ?

ಒಂದು ಕಚೇರಿ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್, ಅದನ್ನು ಬಳಸುವ ಹತ್ತು ಹನ್ನೆರಡು ಜನ. ಡೆವಲಪರ್‌ಗಳು, ಟೆಸ್ಟಿಂಗ್‌ನವರು, ತಿಂಗಳ ಕೊನೆಗೆ ರಿಪೋರ್ಟ್ ತೆಗೆಯುವ ಅಕೌಂಟ್ಸ್‌ನವರು, ಆರು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಬಂದವರು: ಎಲ್ಲರೂ ಒಂದೇ ಯೂಸರ್‌ನೇಮ್, ಒಂದೇ ಪಾಸ್‌ವರ್ಡ್ ಹಾಕಿ ಒಳಗೆ ಹೋಗುತ್ತಾರೆ. ಆ ಪಾಸ್‌ವರ್ಡ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿದೆ, ಯಾವುದೋ ಎಕ್ಸೆಲ್ ಶೀಟಿನಲ್ಲಿದೆ, ಕೆಲಸ ಬಿಟ್ಟು ಹೋದವರ ಲ್ಯಾಪ್‌ಟಾಪಿನಲ್ಲೂ ಇದೆ. ಇದನ್ನು ಸರಿಮಾಡಲು ಹೊರಟವರು ಕೇಳುವುದು ಒಂದೇ: ಕನೆಕ್ಷನ್ ಸೆಟ್ಟಿಂಗ್ ಎಲ್ಲರಿಗೂ ಸಿಗಬೇಕು, ಆದರೆ ಎಲ್ಲರೂ ಎಲ್ಲವನ್ನೂ ನೋಡುವ, ಬದಲಿಸುವ ಹಾಗಿರಬಾರದು. ಅದಕ್ಕೆ ಬ್ರೌಸರಿನಿಂದ ಡೇಟಾಬೇಸ್ ಬಳಸಲು ಬಿಡುವ ಪಿಜಿಅಡ್ಮಿನ್ ಸಾಕೇ, ಅದೇ ಬಗೆಯ ಕ್ಲೌಡ್‌ಬೀವರ್ ಬೇಕೇ, ಪಾಸ್‌ವರ್ಡ್ ಮ್ಯಾನೇಜರ್ ಆದೀತೇ, ಪಾಸ್‌ವರ್ಡ್‌ಗಳನ್ನು ಕಾಯಲೆಂದೇ ಇರುವ ವಾಲ್ಟ್‌ವರೆಗೂ ಹೋಗಬೇಕೇ?

ಉತ್ತರ ತಂಡದಿಂದ ತಂಡಕ್ಕೆ ಬೇರೆ. ಆದರೆ ಆಯ್ಕೆಗೆ ಕೂರುವ ಮೊದಲು ಒಂದನ್ನು ಬಿಡಿಸಿಟ್ಟುಕೊಳ್ಳಬೇಕು. ಕನೆಕ್ಷನ್ ಸೆಟ್ಟಿಂಗ್ ಎಂದು ನಾವು ಒಟ್ಟಿಗೆ ಕರೆಯುವುದರಲ್ಲಿ ಎರಡು ಭಾಗಗಳಿವೆ. ಹೋಸ್ಟ್, ಪೋರ್ಟ್, ಡೇಟಾಬೇಸಿನ ಹೆಸರು, ಎಸ್‌ಎಸ್‌ಎಲ್ ಮೋಡ್ (ಸಂಪರ್ಕ ಎಷ್ಟು ಭದ್ರವಾಗಿರಬೇಕೆಂಬ ಸೆಟ್ಟಿಂಗ್) ಇವು ವಿಳಾಸ. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಗುರುತು. ವಿಳಾಸವನ್ನು ತಂಡದಲ್ಲಿ ಹಂಚಿಕೊಂಡರೆ ದೊಡ್ಡ ನಷ್ಟವೇನೂ ಇಲ್ಲ. ಗುರುತು ಮಾತ್ರ ಒಬ್ಬೊಬ್ಬರಿಗೂ ಅವರದೇ ಇರಬೇಕು. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹಂಚುವುದರಿಂದಲೇ ತೊಂದರೆಗಳೆಲ್ಲ ಶುರುವಾಗುತ್ತವೆ. ಕೆಳಗಿನ ಪ್ರತಿ ಆಯ್ಕೆಯಲ್ಲೂ ನಾನು ಮೊದಲು ನೋಡುವುದು ಈ ಗಂಟನ್ನು ಅದು ಬಿಚ್ಚುತ್ತದೆಯೋ ಇಲ್ಲವೋ ಎಂದು.

ಯಾವುದರ ಮೇಲೆ ಅಳೆಯುವುದು

ಪಾಸ್‌ವರ್ಡ್ ಬಳಸುವವರ ಕಣ್ಣಿಗೆ ಬೀಳುತ್ತದೆಯೇ ಎನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಅದು ಮುಖ್ಯವೇ, ಆದರೆ ಅದೊಂದೇ ಸಾಲದು. ಡೇಟಾಬೇಸಿನ ಲಾಗಿನಲ್ಲಿ ಯಾರ ಹೆಸರು ಬೀಳುತ್ತದೆ ಎನ್ನುವುದು ಎರಡನೆಯದು. ರಾತ್ರಿ ಯಾರೋ ಒಂದು ಟೇಬಲ್ ಅಳಿಸಿದರೆ ಬೆಳಿಗ್ಗೆ ಲಾಗ್ ತೆರೆದಾಗ ಎಲ್ಲ ಸಾಲಿನಲ್ಲೂ "ಆ್ಯಪ್‌ಯೂಸರ್" ಎಂದಷ್ಟೇ ಇದ್ದರೆ ಆ ಲಾಗಿನಿಂದ ಉಪಯೋಗವಿಲ್ಲ. ಮೂರನೆಯದು, ಒಬ್ಬರು ಕೆಲಸ ಬಿಟ್ಟ ದಿನ ನಿಮಗೆ ಬೀಳುವ ಕೆಲಸ ಎಷ್ಟು. ನಾಲ್ಕನೆಯದು ಹಣ, ಮತ್ತು ಅದಕ್ಕಿಂತ ಹೆಚ್ಚಾಗಿ, ಇದನ್ನು ನೋಡಿಕೊಳ್ಳಲು ಒಬ್ಬರು ಇದ್ದಾರೆಯೇ ಎನ್ನುವುದು.

ಐದನೆಯದನ್ನು ಬಹಳ ಜನ ಮರೆಯುತ್ತಾರೆ: ಸೆಟ್ಟಿಂಗನ್ನು ತಿದ್ದುವ ಅಧಿಕಾರ ಯಾರಿಗಿದೆ? ಪಾಸ್‌ವರ್ಡ್ ಚುಕ್ಕೆಚುಕ್ಕೆಯಾಗಿ ಮುಚ್ಚಿದ್ದರೂ ಹೋಸ್ಟ್ ಬದಲಿಸಲು ಬಿಟ್ಟಿದ್ದರೆ ಆ ಮುಚ್ಚಳಕ್ಕೆ ಅರ್ಥವಿಲ್ಲ. ಹೋಸ್ಟಿನ ಜಾಗದಲ್ಲಿ ತನ್ನದೇ ಯಂತ್ರದ ಐಪಿ ಹಾಕಿ, ಅಲ್ಲಿ ಪೋಸ್ಟ್‌ಗ್ರೆಸ್‌ನಂತೆ ನಟಿಸುವ ಪುಟ್ಟ ಪ್ರೋಗ್ರಾಂ ನಡೆಸಿ, "ಪಾಸ್‌ವರ್ಡನ್ನು ಮರೆಮಾಡದೆ ಇದ್ದ ಹಾಗೆಯೇ ಕಳಿಸು" ಎಂದು ಕೇಳಿದರೆ ಪೋಸ್ಟ್‌ಗ್ರೆಸ್‌ನ ಮೂಲ ಕ್ಲೈಂಟ್ ಲೈಬ್ರರಿ ಲಿಬ್‌ಪಿಕ್ಯು ಕಳಿಸಿಬಿಡುತ್ತದೆ. ಅದರ ಎಸ್‌ಎಸ್‌ಎಲ್ ಮೋಡ್ ಸುಮ್ಮನೆ ಬಿಟ್ಟರೆ "ಪ್ರಿಫರ್" ಆಗಿರುತ್ತದೆ, ಅಂದರೆ ಎದುರಿನ ಸರ್ವರ್ ನಿಜವಾದದ್ದೇ ಎಂದು ಪರೀಕ್ಷಿಸುವುದಿಲ್ಲ. "ವೆರಿಫೈ-ಫುಲ್" ಇಟ್ಟರೆ ಸರ್ಟಿಫಿಕೇಟ್ ನೋಡಿಯೇ ಮುಂದುವರಿಯುತ್ತದೆ. ಪೋಸ್ಟ್‌ಗ್ರೆಸ್ 16ರಿಂದ "ರಿಕ್ವೈರ್ ಆಥ್" ಎಂಬ ಸೆಟ್ಟಿಂಗ್ ಕೂಡ ಇದೆ. ಅದರಲ್ಲಿ ಸ್ಕ್ರ್ಯಾಮ್ (ಪಾಸ್‌ವರ್ಡನ್ನೇ ಕಳಿಸದೆ ಅದು ಗೊತ್ತಿದೆ ಎಂದು ತೋರಿಸುವ) ವಿಧಾನ ಮಾತ್ರ ಒಪ್ಪಿಗೆ ಎಂದು ಬರೆದಿಟ್ಟರೆ ಪಾಸ್‌ವರ್ಡನ್ನು ಇದ್ದ ಹಾಗೆಯೇ ಕೇಳುವ ಸರ್ವರ್‌ಗೆ ಕ್ಲೈಂಟ್ ಮಣಿಯುವುದಿಲ್ಲ. ಆದರೆ ಈ ಸೆಟ್ಟಿಂಗ್‌ಗಳನ್ನೂ ತಿದ್ದಲು ಬಿಟ್ಟಿದ್ದರೆ ಮತ್ತೆ ಅದೇ ಕಥೆ. ಹಾಗಾಗಿ ನೋಡುವ ಅನುಮತಿ, ಬಳಸುವ ಅನುಮತಿ, ತಿದ್ದುವ ಅನುಮತಿ ಈ ಮೂರನ್ನೂ ಬೇರೆಬೇರೆಯಾಗಿ ಕೊಡಬಲ್ಲ ಸಾಧನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎಲ್ಲಕ್ಕೂ ಮೊದಲು: ಡೇಟಾಬೇಸಿನೊಳಗಿನ ರೋಲ್

ರೋಲ್ ಎಂದರೆ ಡೇಟಾಬೇಸಿನೊಳಗಿನ ಯೂಸರ್ ಅಥವಾ ಯೂಸರ್‌ಗಳ ಗುಂಪು, ಅನುಮತಿ ಕೊಡುವುದು ಅದಕ್ಕೆ. ಇದು ಆಯ್ಕೆಗಳಲ್ಲಿ ಒಂದಲ್ಲ. ಯಾವ ಆಯ್ಕೆ ಹಿಡಿದರೂ ಇದನ್ನು ಮಾಡಲೇಬೇಕು. ಸಾಧನ ಎಷ್ಟೇ ಚೆನ್ನಾಗಿ ಪಾಸ್‌ವರ್ಡ್ ಮುಚ್ಚಿಟ್ಟರೂ ಒಳಗೆ ಹೋದ ಮೇಲೆ ಆ ಯೂಸರ್‌ಗೆ ಎಲ್ಲ ಟೇಬಲ್ ಅಳಿಸುವ ಅಧಿಕಾರವಿದ್ದರೆ ಬಂದ ಲಾಭವೇನು? ಖರ್ಚು ಸೊನ್ನೆ, ಬೇಕಾದದ್ದು ಒಂದು ಮಧ್ಯಾಹ್ನದ ತಾಳ್ಮೆ.

ಪೋಸ್ಟ್‌ಗ್ರೆಸ್‌ನಲ್ಲಿ ಲಾಗಿನ್ ಇಲ್ಲದ ಗುಂಪು ರೋಲ್‌ಗಳನ್ನು ಮಾಡಿ: ಓದುವವರು, ಬರೆಯುವವರು, ಟೇಬಲ್‌ಗಳ ಒಡೆತನ ಇರುವವರು. ಅನುಮತಿಗಳನ್ನೆಲ್ಲ ಗುಂಪಿಗೇ ಕೊಡಿ. ಪ್ರತಿ ವ್ಯಕ್ತಿಗೂ ಅವರ ಹೆಸರಿನ ಲಾಗಿನ್ ರೋಲ್ ಮಾಡಿ ಗುಂಪಿಗೆ ಸೇರಿಸಿ. ಇಲ್ಲಿ ಕಾಲು ಜಾರುವ ಜಾಗಗಳು ಕೆಲವಿವೆ. ಹೊಸ ಡೇಟಾಬೇಸ್ ಮಾಡಿದೊಡನೆ ಅದಕ್ಕೆ ಕನೆಕ್ಟ್ ಆಗುವ ಅನುಮತಿ "ಪಬ್ಲಿಕ್"ಗೆ, ಅಂದರೆ ಸರ್ವರಿನ ಎಲ್ಲ ಯೂಸರ್‌ಗಳಿಗೂ, ತಾನಾಗಿಯೇ ಸಿಕ್ಕಿರುತ್ತದೆ. ಅದನ್ನು ರಿವೋಕ್ ಮಾಡಬೇಕು, ಅಂದರೆ ಹಿಂದಕ್ಕೆ ಪಡೆಯಬೇಕು. 14ನೇ ಆವೃತ್ತಿಯವರೆಗೆ ಪಬ್ಲಿಕ್ ಸ್ಕೀಮಾದಲ್ಲಿ (ಸ್ಕೀಮಾ ಎಂದರೆ ಡೇಟಾಬೇಸಿನೊಳಗೆ ಟೇಬಲ್‌ಗಳನ್ನು ಇಡುವ ವಿಭಾಗ) ಯಾರು ಬೇಕಾದರೂ ಟೇಬಲ್ ಮಾಡಬಹುದಿತ್ತು. 15ರಲ್ಲಿ ಅದನ್ನು ನಿಲ್ಲಿಸಿದರು, ಆದರೆ ಹಳೆಯ ಡೇಟಾಬೇಸನ್ನು ಅಪ್‌ಗ್ರೇಡ್ ಮಾಡಿ ತಂದಿದ್ದರೆ ಹಳೆಯ ಅನುಮತಿಯೂ ಜೊತೆಗೇ ಬಂದಿರುತ್ತದೆ. ನಾಳೆ ಹುಟ್ಟುವ ಟೇಬಲ್‌ಗಳಿಗೂ ಓದುವ ಅನುಮತಿ ಸಿಗಲೆಂದು "ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್" ಕೊಡುತ್ತೇವಲ್ಲ, ಅದು ಯಾವ ರೋಲ್ ಹೆಸರಿನಲ್ಲಿ ಕೊಟ್ಟೆವೋ ಆ ರೋಲ್ ಮಾಡಿದ ಟೇಬಲ್‌ಗಳಿಗೆ ಮಾತ್ರ ಅನ್ವಯ. ಬೇರೆಯವರು ಮಾಡಿದ ಟೇಬಲ್ ಓದುಗರಿಗೆ ಕಾಣುವುದಿಲ್ಲ, ತಲೆ ಕೆಡುತ್ತದೆ, ಕೊನೆಗೆ ಬೇಸತ್ತು ಯಾರೋ ಎಲ್ಲ ಅಧಿಕಾರವೂ ಇರುವ ಸೂಪರ್‌ಯೂಸರ್ ಪಟ್ಟ ಕೊಟ್ಟುಬಿಡುತ್ತಾರೆ. 14ರಲ್ಲಿ ಬಂದ "ಪಿಜಿ ರೀಡ್ ಆಲ್ ಡೇಟಾ" ರೋಲ್ ಸುಲಭದ ದಾರಿ. ಆದರೆ ಹೆಸರೇ ಹೇಳುವಂತೆ ಅದು ಸಂಬಳದ ಟೇಬಲನ್ನೂ ತೋರಿಸುತ್ತದೆ. ಇನ್ನು, ಯೂಸರ್‌ಗೆ "ಡೀಫಾಲ್ಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ" ಆನ್ ಮಾಡಿ ಓದಲಿಕ್ಕೆ ಮಾತ್ರ ಬಿಟ್ಟೆವು ಎಂದುಕೊಂಡವರು ಇದ್ದಾರೆ. ಆ ಯೂಸರ್ ಒಂದೇ ಸಾಲಿನಲ್ಲಿ ಅದನ್ನು ಆಫ್ ಮಾಡಿಕೊಳ್ಳಬಹುದು. ಅದು ಕೈತಪ್ಪು ತಡೆಯುತ್ತದೆ, ಮನುಷ್ಯರನ್ನಲ್ಲ.

ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರ್ ಆದ ಮೈಎಸ್‌ಕ್ಯುಎಲ್‌ನಲ್ಲಿ ರೋಲ್ ಬಂದದ್ದು 8.0ರಲ್ಲಿ. ಅಲ್ಲಿನ ಗೊಂದಲ ಬೇರೆ: ರೋಲ್ ಕೊಟ್ಟ ಮಾತ್ರಕ್ಕೆ ಅದು ಜಾರಿಗೆ ಬರುವುದಿಲ್ಲ. ಆ ಯೂಸರ್‌ಗೆ ಡೀಫಾಲ್ಟ್ ರೋಲ್ ಎಂದು ನಿಗದಿ ಮಾಡಬೇಕು, ಇಲ್ಲವೇ ಲಾಗಿನ್ ಆದಾಗ ಎಲ್ಲ ರೋಲ್ ಜಾರಿಯಾಗುವ ಸರ್ವರ್ ಸೆಟ್ಟಿಂಗ್ ಆನ್ ಮಾಡಬೇಕು.

ಕಾಂಟ್ರ್ಯಾಕ್ಟ್‌ನವರಿಗೆ ಪೋಸ್ಟ್‌ಗ್ರೆಸ್‌ನ "ವ್ಯಾಲಿಡ್ ಅಂಟಿಲ್" ಒಳ್ಳೆಯದು, ಹೇಳಿದ ದಿನಕ್ಕೆ ಪಾಸ್‌ವರ್ಡ್ ಸತ್ತುಹೋಗುತ್ತದೆ. ಮೈಎಸ್‌ಕ್ಯುಎಲ್‌ನ ಪಾಸ್‌ವರ್ಡ್ ಎಕ್ಸ್‌ಪೈರಿ ಹಾಗಲ್ಲ. ಅವಧಿ ಮುಗಿದ ಮೇಲೂ ಅದೇ ವ್ಯಕ್ತಿ ಒಳಗೆ ಬಂದು ಹೊಸ ಪಾಸ್‌ವರ್ಡ್ ಇಟ್ಟುಕೊಂಡು ಮುಂದುವರಿಯಬಹುದು. ಹೊರಗಿಡಬೇಕಿದ್ದರೆ "ಅಕೌಂಟ್ ಲಾಕ್" ಬೇಕು. ಎರಡರಲ್ಲೂ ಬಾಗಿಲು ಮುಚ್ಚಿದ ಮೇಲೆ ಆಗಲೇ ಒಳಗಿರುವ ಸೆಷನ್ ಹಾಗೆಯೇ ಇರುತ್ತದೆ, ಅದನ್ನು ಬೇರೆಯಾಗಿ ಕೊನೆಗೊಳಿಸಬೇಕು.

ಫೈಲ್‌ನಲ್ಲಿ ಬರೆದು ಹಂಚುವುದು

ಹಣ ಬೇಡ, ಹೊಸ ಸರ್ವರ್ ಬೇಡ. ಅದಕ್ಕೇ ಎಲ್ಲರೂ ಇಲ್ಲಿಂದ ಶುರುಮಾಡುತ್ತಾರೆ. ಶೇರ್ ಫೋಲ್ಡರಿನಲ್ಲಿ ಒಂದು ಕಾನ್ಫಿಗ್ ಫೈಲ್, ಅಥವಾ ಗಿಟ್ ರೆಪೊದಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಭಂಡಾರ) ಒಂದು ಡಾಟ್-ಎನ್ವ್ ಸೆಟ್ಟಿಂಗ್ ಫೈಲ್. ನಮ್ಮ ಅಳತೆಗೆ ಇಟ್ಟರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಸೋಲುತ್ತದೆ. ರೆಪೊ ಪ್ರೈವೇಟ್ ಇದೆಯಲ್ಲ ಎನ್ನುವವರಿಗೆ ಊಬರ್ ಉದಾಹರಣೆ ಇದೆ. 2016ರಲ್ಲಿ ದಾಳಿಕೋರರು ಅದರ ಎಂಜಿನಿಯರ್‌ಗಳ ಪ್ರೈವೇಟ್ ಗಿಟ್‌ಹಬ್ ರೆಪೊ ಒಳಹೊಕ್ಕು, ಅಲ್ಲಿ ಬರೆದಿಟ್ಟಿದ್ದ ಕೀ ಹಿಡಿದು ಅಮೆಜಾನ್ ಕ್ಲೌಡ್ ತಲುಪಿ, ಸುಮಾರು 5.7 ಕೋಟಿ ಜನರ ವಿವರ ಹೊತ್ತೊಯ್ದರು. ಗಿಟ್‌ನಲ್ಲಿ ಒಮ್ಮೆ ಸೇರಿದ ಪಾಸ್‌ವರ್ಡನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ. ಅದಕ್ಕೆ ಪರಿಹಾರ ಪಾಸ್‌ವರ್ಡ್ ಬದಲಿಸುವುದು, ಅಷ್ಟೇ.

ಡಿಬೀವರ್ ಎಂಬ ಡೇಟಾಬೇಸ್ ಸಾಧನ ಬಳಸುವವರೂ ಗಮನಿಸಿ. ಅದು ಪಾಸ್‌ವರ್ಡ್‌ಗಳನ್ನು ಪ್ರಾಜೆಕ್ಟ್ ಫೋಲ್ಡರಿನ ಒಂದು ಫೈಲಿನಲ್ಲಿ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ, ಆದರೆ ಮಾಸ್ಟರ್ ಪಾಸ್‌ವರ್ಡ್ ಹಾಕದಿದ್ದರೆ ಆ ಎನ್‌ಕ್ರಿಪ್ಷನ್ ಕೀ ಎಲ್ಲರಿಗೂ ತಿಳಿದಿರುವಂಥದ್ದೇ. ಫೋಲ್ಡರ್ ಜಿಪ್ ಮಾಡಿ ಸಹೋದ್ಯೋಗಿಗೆ ಕಳಿಸಿದರೆ ಪಾಸ್‌ವರ್ಡ್ ಕೊಟ್ಟಂತೆಯೇ. ಮೈಎಸ್‌ಕ್ಯುಎಲ್‌ನಲ್ಲಿ ಪಾಸ್‌ವರ್ಡ್ ಉಳಿಸಿಡುವ ಲಾಗಿನ್ ಪಾತ್ ಫೈಲೂ ಹೀಗೇ: ನೇರವಾಗಿ ಓದಲು ಬರುವುದಿಲ್ಲ, ಬಿಡಿಸುವುದು ಕಷ್ಟವೂ ಅಲ್ಲ.

ಹಾಗೆಂದು ಫೈಲಿನ ದಾರಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಪೋಸ್ಟ್‌ಗ್ರೆಸ್‌ನವರು ಇದಕ್ಕೊಂದು ಅಚ್ಚುಕಟ್ಟಾದ ವ್ಯವಸ್ಥೆ ಮಾಡಿಟ್ಟಿದ್ದಾರೆ, ಬಳಸುವವರೇ ಕಡಿಮೆ. "ಪಿಜಿ ಸರ್ವಿಸ್" ಫೈಲಿನಲ್ಲಿ ಹೋಸ್ಟ್, ಪೋರ್ಟ್, ಡೇಟಾಬೇಸ್ ಹೆಸರು, ಎಸ್‌ಎಸ್‌ಎಲ್ ಮೋಡ್ ಬರೆದು ಅದಕ್ಕೊಂದು ಹೆಸರು ಕೊಡಿ, ಆ ಫೈಲನ್ನು ಗಿಟ್‌ನಲ್ಲೇ ಇಡಿ, ತಂಡಕ್ಕೆಲ್ಲ ಹಂಚಿ. ಪಾಸ್‌ವರ್ಡ್ ಮಾತ್ರ ಪ್ರತಿಯೊಬ್ಬರೂ ತಮ್ಮ ಹೋಮ್ ಫೋಲ್ಡರಿನ "ಪಿಜಿಪಾಸ್" ಫೈಲಿನಲ್ಲಿ ಇಟ್ಟುಕೊಳ್ಳಲಿ. ಲಿನಕ್ಸ್‌ನಲ್ಲಿ ಅದರ ಪರ್ಮಿಷನ್ 0600ಕ್ಕಿಂತ (ಫೈಲಿನ ಒಡೆಯರು ಮಾತ್ರ ಓದಿ ಬರೆಯಬಹುದು ಎಂದರ್ಥ) ಸಡಿಲವಾಗಿದ್ದರೆ ಲಿಬ್‌ಪಿಕ್ಯು ಆ ಫೈಲನ್ನು ಮುಟ್ಟುವುದೇ ಇಲ್ಲ. ವಿಳಾಸ ಒಂದು ಕಡೆ, ಗುರುತು ಇನ್ನೊಂದು ಕಡೆ, ಗಂಟು ಬಿಚ್ಚಿತು. ಟರ್ಮಿನಲ್ ಬಳಸುವ ನಾಲ್ಕೈದು ಡೆವಲಪರ್‌ಗಳ ತಂಡಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ವರ್‌ಗೆ ಹೋಗುವ ಅಪ್ಲಿಕೇಶನ್ ಪಾಸ್‌ವರ್ಡ್‌ಗಳು ಗಿಟ್‌ನಲ್ಲೇ ಇರಬೇಕೆಂದರೆ ಸಾಪ್ಸ್ ಎಂಬ ಉಚಿತ ಸಾಧನದಿಂದ ಎನ್‌ಕ್ರಿಪ್ಟ್ ಮಾಡಿ ಇಡಬಹುದು.

ಪಾಸ್‌ವರ್ಡ್ ಮ್ಯಾನೇಜರ್

ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್, ಕೀಪಾಸ್ ತರಹದವು. ವಾಟ್ಸ್‌ಆ್ಯಪಿಗಿಂತ ನೂರು ಪಾಲು ಮೇಲು. ಯಾರಿಗೆ ಯಾವ ಪಾಸ್‌ವರ್ಡ್ ಕಾಣಬೇಕು ಎಂದು ಗುಂಪು ಮಾಡಬಹುದು. ಆದರೆ ಬಿಟ್‌ವಾರ್ಡನ್‌ನಲ್ಲಿ "ಪಾಸ್‌ವರ್ಡ್ ಮರೆಮಾಡು" ಎಂಬ ಅನುಮತಿ ನೋಡಿ, ಬಳಸಬಹುದು ಆದರೆ ನೋಡಲಾಗದು ಎಂದು ನಂಬಬೇಡಿ. ಅದು ಸುಲಭವಾಗಿ ಕಾಪಿ ಮಾಡುವುದನ್ನು ತಡೆಯುತ್ತದೆ, ಮನಸ್ಸು ಮಾಡಿದವರನ್ನು ತಡೆಯುವುದಿಲ್ಲ. ಬಿಟ್‌ವಾರ್ಡನ್‌ನವರೇ ಇದನ್ನು ಹೇಳಿದ್ದಾರೆ. ಒಬ್ಬರು ಬಿಟ್ಟು ಹೋದರೆ ಅವರು ಕಂಡ ಪ್ರತಿ ಪಾಸ್‌ವರ್ಡನ್ನೂ ಬದಲಿಸಬೇಕು. ಲಾಗಿನಲ್ಲಿ ಒಂದೇ ಹೆಸರು ಬೀಳುವ ತೊಂದರೆಯೂ ಹಾಗೇ ಉಳಿಯುತ್ತದೆ.

ಇದರ ನಿಜವಾದ ಜಾಗ ಬೇರೆ. ಸೂಪರ್‌ಯೂಸರ್ ಪಾಸ್‌ವರ್ಡ್, ಬ್ಯಾಕಪ್ ಕೀ ಮುಂತಾದ, ಇಬ್ಬರೇ ಹಿರಿಯರ ಬಳಿ ಇರಬೇಕಾದ, ವರ್ಷಕ್ಕೊಮ್ಮೆ ತೆಗೆಯುವಂಥವನ್ನು ಇಡಲು. ಅದಕ್ಕೆ ಯಾವ ತಂಡವಾದರೂ ಒಂದನ್ನು ಇಟ್ಟುಕೊಳ್ಳಲಿ.

ಪಿಜಿಅಡ್ಮಿನ್, ಸರ್ವರ್ ಮೋಡ್‌ನಲ್ಲಿ

ಪೋಸ್ಟ್‌ಗ್ರೆಸ್ ಒಂದೇ ಬಳಸುವವರಿಗೆ ನನ್ನ ಮೊದಲ ಸಲಹೆ ಇದು. ಪಿಜಿಅಡ್ಮಿನ್ 4 ಅನ್ನು ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಹಾಕುವ ಬದಲು ಒಂದೇ ಸರ್ವರಿನಲ್ಲಿ ಹಾಕಿ, ಎಲ್ಲರೂ ಬ್ರೌಸರಿನಿಂದ ತಮ್ಮ ತಮ್ಮ ಲಾಗಿನ್ ಹಾಕಿ ಬರುವಂತೆ ಮಾಡಬಹುದು. ಕಚೇರಿಯಲ್ಲಿ ಎಲ್‌ಡ್ಯಾಪ್ (ಎಲ್ಲರ ಲಾಗಿನ್ ಒಂದೇ ಕಡೆ ಇಡುವ ವ್ಯವಸ್ಥೆ) ಇದ್ದರೆ ಅದಕ್ಕೇ ಜೋಡಿಸಬಹುದು, ಎರಡು ಹಂತದ ಲಾಗಿನ್ನೂ ಇದೆ.

ಇಲ್ಲಿ ಅಡ್ಮಿನ್ ಒಂದು ಸರ್ವರ್ ಕನೆಕ್ಷನ್ ಮಾಡಿ "ಶೇರ್ಡ್" ಎಂದು ಗುರುತು ಹಾಕಿದರೆ ಅದು ಎಲ್ಲರ ಪಟ್ಟಿಯಲ್ಲೂ ಕಾಣುತ್ತದೆ. ಹಾಗೆ ಬಂದ ಕನೆಕ್ಷನ್ನನ್ನು ಉಳಿದವರು ಅಳಿಸಲಾರರು, ಹೆಸರು ಬದಲಿಸಲಾರರು, ಹೋಸ್ಟ್, ಪೋರ್ಟ್, ಮೇಂಟೆನೆನ್ಸ್ ಡೇಟಾಬೇಸ್ ತಿದ್ದಲಾರರು. ಯೂಸರ್‌ನೇಮ್, ಪಾಸ್‌ವರ್ಡ್ ಮಾತ್ರ ತಮ್ಮದನ್ನು ಹಾಕಿಕೊಳ್ಳುತ್ತಾರೆ. ಅಂದರೆ ವಿಳಾಸ ಹಂಚಿಕೆ, ಗುರುತು ಅವರವರದು, ತಿದ್ದುವ ಅಧಿಕಾರ ಅಡ್ಮಿನ್‌ದು. ನಾವು ಹೇಳಿಕೊಂಡ ಐದೂ ಅಳತೆಗಳಿಗೆ ಸೊನ್ನೆ ರೂಪಾಯಿಯಲ್ಲಿ ಇಷ್ಟು ಹತ್ತಿರ ಬರುವುದು ಬೇರೆ ಕಡೆ ಕಂಡಿಲ್ಲ. ಇದು ಕೆಲಸ ಮಾಡಬೇಕಾದರೆ ಪ್ರತಿಯೊಬ್ಬರಿಗೂ ಡೇಟಾಬೇಸಿನಲ್ಲಿ ಅವರ ರೋಲ್ ಇರಬೇಕು, ಅದಕ್ಕೇ ಮೇಲಿನ ಭಾಗವನ್ನು ಅಷ್ಟು ಉದ್ದ ಬರೆದೆ.

ಕೊರತೆಗಳೂ ಇವೆ. ಶೇರ್ ಮಾಡಿದರೆ ಕಾಣುವುದು ಎಲ್ಲರಿಗೂ ಎಂದು ತಿಳಿದೇ ಹೊರಡಿ. ಅಕೌಂಟ್ಸ್‌ನವರಿಗೆ ಒಂದು, ಟೆಸ್ಟಿಂಗ್‌ನವರಿಗೆ ಇನ್ನೊಂದು ಎಂದು ವಿಂಗಡಿಸಬೇಕಿದ್ದರೆ ಇದು ಹೊಂದುವುದಿಲ್ಲ. ಕಂಡವರೆಲ್ಲ ಒಳಗೆ ಹೋಗಲಾರರು, ಏಕೆಂದರೆ ರೋಲ್ ಇಲ್ಲದವರನ್ನು ಡೇಟಾಬೇಸೇ ಬಾಗಿಲಲ್ಲಿ ತಡೆಯುತ್ತದೆ. ಸಣ್ಣ ಕಚೇರಿಗೆ ಅಷ್ಟು ಸಾಕು. ಮೈಎಸ್‌ಕ್ಯುಎಲ್ ಕೂಡ ಇದ್ದರೆ ಬೇರೆ ದಾರಿ ನೋಡಬೇಕು.

ಕ್ಲೌಡ್‌ಬೀವರ್

ಡಿಬೀವರ್ ತಂಡದವರದೇ, ಬ್ರೌಸರಿನಲ್ಲಿ ನಡೆಯುವಂಥದ್ದು. ಕಮ್ಯುನಿಟಿ ಆವೃತ್ತಿ ಉಚಿತ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್, ಒರಾಕಲ್ ಎಲ್ಲದಕ್ಕೂ ಒಂದೇ ಪರದೆ. ಪಿಜಿಅಡ್ಮಿನ್‌ನಲ್ಲಿ ಇಲ್ಲದ ವಿಂಗಡಣೆ ಇಲ್ಲಿದೆ: ಅಡ್ಮಿನ್ ಮಾಡಿದ ಪ್ರತಿ ಕನೆಕ್ಷನ್ನನ್ನೂ ಯಾವ ಯೂಸರ್‌ಗೆ, ಯಾವ ಟೀಮ್‌ಗೆ ಕಾಣಿಸಬೇಕೆಂದು ಟಿಕ್ ಹಾಕಬಹುದು. ಕಾಣದವರ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ನಿಧಾನವಾಗಿ ಯೋಚಿಸಬೇಕಾದ ಒಂದು ತಿರುವು ಇಲ್ಲಿದೆ. ಕನೆಕ್ಷನ್ ಮಾಡುವಾಗ ಅಡ್ಮಿನ್ ಪಾಸ್‌ವರ್ಡ್ ಹಾಕಿ ಅನುಮತಿ ಇರುವ ಎಲ್ಲರಿಗಾಗಿ ಉಳಿಸಿಡಬಹುದು, ಅಥವಾ ಖಾಲಿ ಬಿಟ್ಟು ಪ್ರತಿಯೊಬ್ಬರೂ ತಮ್ಮದನ್ನು ಹಾಕುವಂತೆ ಮಾಡಬಹುದು. ಉಳಿಸಿಟ್ಟರೆ ಬಳಸುವವರಿಗೆ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ, ಅವರು ಕೆಲಸ ಬಿಟ್ಟರೆ ಕ್ಲೌಡ್‌ಬೀವರ್ ಖಾತೆ ಮುಚ್ಚಿದರಾಯಿತು. ಎಸ್‌ಕ್ಯುಎಲ್ (ಡೇಟಾಬೇಸಿಗೆ ಪ್ರಶ್ನೆ ಬರೆಯುವ ಭಾಷೆ) ಹೆಚ್ಚು ಬಾರದ, ಪಾಸ್‌ವರ್ಡ್ ನೆನಪಿಡುವ ಗೋಜು ಬೇಡವೆನ್ನುವ ರಿಪೋರ್ಟಿಂಗ್ ತಂಡಕ್ಕೆ ಇದು ಬಹಳ ಹಿತ. ಆದರೆ ಡೇಟಾಬೇಸಿನ ಲಾಗಿನಲ್ಲಿ ಮತ್ತೆ ಒಂದೇ ಹೆಸರು. ಖಾಲಿ ಬಿಟ್ಟರೆ ಹೆಸರು ಸರಿಯಾಗಿ ಬೀಳುತ್ತದೆ, ಆದರೆ ಎಲ್ಲರಿಗೂ ರೋಲ್ ಮಾಡುವ ಕೆಲಸ ಇರುತ್ತದೆ. ನಾನಾದರೆ ಓದಲಿಕ್ಕಷ್ಟೇ ಇರುವ, ಸೂಕ್ಷ್ಮ ಮಾಹಿತಿ ಇಲ್ಲದ ಸ್ಕೀಮಾಕ್ಕೆ ಉಳಿಸಿಟ್ಟ ಪಾಸ್‌ವರ್ಡ್, ಬರೆಯುವ ಅನುಮತಿ ಇರುವ ಕಡೆಗೆಲ್ಲ ಅವರವರ ಪಾಸ್‌ವರ್ಡ್ ಎಂದು ಗೆರೆ ಎಳೆಯುತ್ತೇನೆ.

ಪಾಸ್‌ವರ್ಡ್‌ಗಳೆಲ್ಲ ಒಂದೇ ಸರ್ವರಿನಲ್ಲಿ ಬಂದು ಕೂರುವುದರಿಂದ ಅದರ ಅಡ್ಮಿನ್ ಖಾತೆ ಸಡಿಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ. ಅದನ್ನು ಇಂಟರ್‌ನೆಟ್ಟಿಗೆ ತೆರೆದಿಡದೆ ವಿಪಿಎನ್ ಹಿಂದೆ ಇಡಿ, ಅಪ್‌ಡೇಟ್ ತಪ್ಪಿಸಬೇಡಿ. ಸ್ಯಾಮಲ್ ತರಹದ ಸಿಂಗಲ್ ಸೈನ್-ಆನ್ (ಒಂದೇ ಲಾಗಿನ್‌ನಿಂದ ಎಲ್ಲ ಸಾಧನಗಳಿಗೂ ಪ್ರವೇಶ) ಬೇಕಿದ್ದರೆ ಹಣ ಕೊಡುವ ಎಂಟರ್‌ಪ್ರೈಸ್ ಆವೃತ್ತಿ. ಇನ್ನೊಂದು ಮಾತು: ಪಾಸ್‌ವರ್ಡ್ ಕಾಣದಿದ್ದರೂ ಡೇಟಾ ಕಾಣುತ್ತದೆ, ಕಂಡದ್ದನ್ನು ಹೊರಗೆ ಒಯ್ಯಬಹುದು. ಅದನ್ನು ತಡೆಯುವುದು ಗ್ರಾಂಟ್ (ಡೇಟಾಬೇಸ್ ಕೊಡುವ ಅನುಮತಿ) ಮತ್ತು ವ್ಯೂಗಳು (ಟೇಬಲಿನ ಆಯ್ದ ಭಾಗವನ್ನಷ್ಟೇ ತೋರಿಸುವ ನೋಟ) ಮಾತ್ರ.

ಡ್ಯಾಶ್‌ಬೋರ್ಡ್‌ಗಳು

"ನಮ್ಮವರು ಎಸ್‌ಕ್ಯುಎಲ್ ಮುಟ್ಟುವುದೇ ಇಲ್ಲ, ಗ್ರಾಫಾನಾದಲ್ಲಿ ನೋಡುತ್ತಾರೆ ಅಷ್ಟೇ" ಎನ್ನುವವರಿಗೆ ಒಂದು ಎಚ್ಚರಿಕೆ. ಡೇಟಾವನ್ನು ಗ್ರಾಫ್‌ಗಳಾಗಿ ತೋರಿಸುವ ಗ್ರಾಫಾನಾ ಪಾಸ್‌ವರ್ಡನ್ನು ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ, ಒಮ್ಮೆ ಉಳಿಸಿದ ಮೇಲೆ ಬ್ರೌಸರಿಗೆ ಕಳಿಸುವುದಿಲ್ಲ; ಅಲ್ಲಿಯವರೆಗೆ ಸರಿ. ಆದರೆ ಉಚಿತ ಆವೃತ್ತಿಯಲ್ಲಿ ಒಂದು ಆರ್ಗನೈಸೇಶನ್ನಿನೊಳಗಿನ ಯಾವ ಯೂಸರ್ ಆದರೂ, ವ್ಯೂವರ್ ಕೂಡ, ಅಲ್ಲಿನ ಯಾವ ಡೇಟಾ ಸೋರ್ಸಿಗಾದರೂ ಕ್ವೆರಿ ಕಳಿಸಬಹುದು. ಪರದೆಯಲ್ಲಿ ಕ್ವೆರಿ ಬರೆಯುವ ಪೆಟ್ಟಿಗೆ ಕಾಣದಿದ್ದರೂ ಎಪಿಐ (ಪ್ರೋಗ್ರಾಂಗಳು ಬಳಸುವ ಬಾಗಿಲು) ಮೂಲಕ ಸಾಧ್ಯ. ಕ್ವೆರಿ ಅಪಾಯಕಾರಿಯೇ ಎಂದು ಗ್ರಾಫಾನಾ ನೋಡುವುದಿಲ್ಲ, ಡಿಲೀಟ್ ಬರೆದರೂ ಕಳಿಸುತ್ತದೆ. ಡೇಟಾ ಸೋರ್ಸ್‌ವಾರು ಅನುಮತಿ ಎಂಟರ್‌ಪ್ರೈಸ್ ಮತ್ತು ಕ್ಲೌಡ್ ಆವೃತ್ತಿಗಳಲ್ಲಿದೆ. ಉಚಿತದಲ್ಲೇ ಇರುವವರು ಸೆಲೆಕ್ಟ್ ಅನುಮತಿ ಮಾತ್ರ ಇರುವ ಪ್ರತ್ಯೇಕ ಡೇಟಾಬೇಸ್ ಯೂಸರ್ ಕೊಡಲಿ, ಬೇರೆ ಬೇರೆ ತಂಡಗಳಿಗೆ ಬೇರೆ ಆರ್ಗನೈಸೇಶನ್ ಮಾಡಲಿ. ಇಂಥದ್ದೇ ಇನ್ನೊಂದು ಸಾಧನ ಮೆಟಾಬೇಸ್‌ನಲ್ಲಿ ಕನೆಕ್ಷನ್ ಸೆಟ್ಟಿಂಗ್ ಅಡ್ಮಿನ್ ಪುಟದಲ್ಲಷ್ಟೇ ಸಿಗುತ್ತದೆ. ಅಲ್ಲಿಯೂ ಯೂಸರ್ ಸೆಲೆಕ್ಟ್‌ಗೆ ಸೀಮಿತವಾಗಿರಲಿ.

ಕ್ಲೌಡ್ ಗುರುತು ಮತ್ತು ವಾಲ್ಟ್

ಡೇಟಾಬೇಸ್ ಅಮೆಜಾನ್ ಕ್ಲೌಡಿನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿದ್ದರೆ ಪಾಸ್‌ವರ್ಡನ್ನೇ ಬಿಡುವ ದಾರಿಯಿದೆ. ಐಎಎಂ (ಅಮೆಜಾನ್ ಕ್ಲೌಡಿನ ಗುರುತು ವ್ಯವಸ್ಥೆ) ಲಾಗಿನ್‌ನಲ್ಲಿ ವ್ಯಕ್ತಿ ತನ್ನ ಕ್ಲೌಡ್ ಗುರುತಿನಿಂದ ಒಂದು ಟೋಕನ್ ಪಡೆಯುತ್ತಾನೆ, ಅದರ ಆಯಸ್ಸು 15 ನಿಮಿಷ. ಕದ್ದರೂ ಬೇಗ ಹಳಸುತ್ತದೆ. ಮೈಎಸ್‌ಕ್ಯುಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಮೂರಕ್ಕೂ ಇದೆ. 15 ನಿಮಿಷ ಎನ್ನುವುದು ಒಳಗೆ ಬರಲು ಇರುವ ಅವಧಿ. ಬಂದ ಮೇಲೆ ಕನೆಕ್ಷನ್ ಗಂಟೆಗಟ್ಟಲೆ ತೆರೆದಿರಬಹುದು. ಅಪ್ಲಿಕೇಶನ್ನಿಗೆ ಪಾಸ್‌ವರ್ಡ್ ಬೇಕೇ ಬೇಕೆಂದಾದರೆ ಅದನ್ನು ಇಡಲು ಅಮೆಜಾನಿನ ಸೀಕ್ರೆಟ್ಸ್ ಮ್ಯಾನೇಜರ್ ಇದೆ: ಒಂದು ಸೀಕ್ರೆಟ್‌ಗೆ ತಿಂಗಳಿಗೆ 40 ಸೆಂಟ್, ಹತ್ತು ಸಾವಿರ ಎಪಿಐ ಕರೆಗೆ 5 ಸೆಂಟ್. ಇಪ್ಪತ್ತು ಪಾಸ್‌ವರ್ಡ್ ಇಟ್ಟರೂ ತಿಂಗಳಿಗೆ ಎಂಟು ಡಾಲರ್ ಆಸುಪಾಸು. ತಾನಾಗಿ ಪಾಸ್‌ವರ್ಡ್ ಬದಲಿಸುವ ಸೌಕರ್ಯ ಬೇಡವಾದರೆ ಅಮೆಜಾನಿನದೇ ಪ್ಯಾರಾಮೀಟರ್ ಸ್ಟೋರ್‌ನ ಸ್ಟ್ಯಾಂಡರ್ಡ್ ದರ್ಜೆಗೆ ಶುಲ್ಕವೇ ಇಲ್ಲ. ಆಗಲೇ ಕ್ಲೌಡಿನಲ್ಲಿರುವವರು ವಾಲ್ಟ್ ನೋಡುವ ಮೊದಲು ಇದನ್ನು ನೋಡಿ.

ಹ್ಯಾಶಿಕಾರ್ಪ್ ವಾಲ್ಟ್‌ನ ಡೇಟಾಬೇಸ್ ಎಂಜಿನ್ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. ನೀವು ಕೇಳಿದಾಗ ಅದು ಡೇಟಾಬೇಸಿನೊಳಗೆ ಹೊಸ ಯೂಸರನ್ನೇ ಸೃಷ್ಟಿಸಿ ಕೊಡುತ್ತದೆ, ಅವಧಿ ಮುಗಿದಾಗ ಆ ಯೂಸರನ್ನು ಅಳಿಸುತ್ತದೆ. ಹಂಚಿಕೊಳ್ಳಲು ಪಾಸ್‌ವರ್ಡೇ ಇಲ್ಲ, ಬಿಟ್ಟು ಹೋದವರಿಗಾಗಿ ಬದಲಿಸಬೇಕಾದ್ದೂ ಇಲ್ಲ. ಗುಣದಲ್ಲಿ ಇದೇ ಎಲ್ಲಕ್ಕಿಂತ ಮೇಲೆಂದು ಒಪ್ಪುತ್ತೇನೆ. ಆದರೆ ನಿಭಾಯಿಸುವ ಜನ ಬೇಕು. ವಾಲ್ಟ್ ಮರುಚಾಲನೆ ಆದಾಗಲೆಲ್ಲ ಬೀಗ ಹಾಕಿಕೊಂಡೇ ಏಳುತ್ತದೆ. ತೆರೆಯಲು ಐದು ಕೀಗಳಲ್ಲಿ ಮೂರು ಬೇಕೆನ್ನುವುದು ಅದರ ಸಹಜ ಏರ್ಪಾಡು. ಭಾನುವಾರ ಬೆಳಗಿನ ಜಾವ ಸರ್ವರ್ ಬಿದ್ದರೆ ಆ ಮೂವರು ಎಲ್ಲಿದ್ದಾರೆ? ಅವಧಿಯನ್ನು ನೀವು ಹೇಳದಿದ್ದರೆ ಅದು 768 ಗಂಟೆ, ಅಂದರೆ 32 ದಿನ ಎಂದು ಹಿಡಿಯುತ್ತದೆ. ತಾತ್ಕಾಲಿಕ ಎಂದುಕೊಂಡ ಯೂಸರ್ ತಿಂಗಳು ಪೂರ್ತಿ ಬದುಕಿರುತ್ತಾನೆ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ತೊಡಕು: ಆ ತಾತ್ಕಾಲಿಕ ಯೂಸರ್ ಟೇಬಲ್ ಮಾಡಿದ್ದರೆ ಒಡೆತನ ಅವನದೇ ಆಗಿ, ಅವನನ್ನು ಅಳಿಸಲು ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ಅವನು ಒಡೆತನದ ಗುಂಪು ರೋಲನ್ನು ಧರಿಸಿಕೊಂಡೇ ಟೇಬಲ್ ಮಾಡುವಂತೆ ಮೊದಲೇ ವ್ಯವಸ್ಥೆ ಮಾಡಬೇಕು. ವಾಲ್ಟ್‌ನ ಪರವಾನಗಿ 2023ರಲ್ಲಿ ಬದಲಾಯಿತು, ಈಗ ಅದು ಪೂರ್ತಿ ಮುಕ್ತವಲ್ಲ. ಪೂರ್ತಿ ಮುಕ್ತ ಪರವಾನಗಿಯೇ ಬೇಕೆನ್ನುವವರಿಗೆ ಲಿನಕ್ಸ್ ಫೌಂಡೇಶನ್ ಆಶ್ರಯದ ಓಪನ್‌ಬಾವ್ ಇದೆ.

ನಿಮ್ಮ ಜಾಗಕ್ಕೆ ಯಾವುದು

ಮೂರು ನಾಲ್ಕು ಜನರ ತಂಡ, ಒಂದು ಬಾಡಿಗೆ ಸರ್ವರ್, ಬಜೆಟ್ ಇಲ್ಲ: ಪ್ರತಿಯೊಬ್ಬರಿಗೂ ರೋಲ್, ಸರ್ವಿಸ್ ಫೈಲ್, ಪಿಜಿಪಾಸ್, ಸೂಪರ್‌ಯೂಸರ್ ಪಾಸ್‌ವರ್ಡ್ ಒಂದು ಮ್ಯಾನೇಜರಿನಲ್ಲಿ. ಸಾಕು. ಹತ್ತರಿಂದ ಮೂವತ್ತು ಜನ, ಅವರಲ್ಲಿ ಅರ್ಧ ಡೆವಲಪರ್‌ಗಳಲ್ಲ: ಪೋಸ್ಟ್‌ಗ್ರೆಸ್ ಮಾತ್ರವಾದರೆ ಪಿಜಿಅಡ್ಮಿನ್, ಹಲವು ಡೇಟಾಬೇಸ್ ಅಥವಾ ವಿಭಾಗವಾರು ವಿಂಗಡಣೆ ಬೇಕಾದರೆ ಕ್ಲೌಡ್‌ಬೀವರ್. ಹಲವು ಸರ್ವಿಸ್, ಹಲವು ಡೇಟಾಬೇಸ್, ಆಡಿಟ್ ಒತ್ತಡ, ರಾತ್ರಿ ಪಾಳಿಗೆ ಎಂಜಿನಿಯರ್ ಇರುವ ಕಂಪನಿಗೆ ವಾಲ್ಟ್. ಎರಡು ಜನರ ಐಟಿ ವಿಭಾಗ ವಾಲ್ಟ್ ಹಾಕಿಕೊಳ್ಳುವುದನ್ನು ನಾನು ಬೇಡವೆನ್ನುತ್ತೇನೆ.

ಕಾಲೇಜಿನ ಲ್ಯಾಬ್ ಬೇರೆಯೇ ಜಾತಿ. ಅಲ್ಲಿ ರಹಸ್ಯಕ್ಕಿಂತ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸದಂತೆ ನೋಡಿಕೊಳ್ಳುವುದು ಮುಖ್ಯ. ಪೋಸ್ಟ್‌ಗ್ರೆಸ್‌ನ ಸಹಜ ಮಿತಿ ಒಟ್ಟು 100 ಕನೆಕ್ಷನ್. 60 ವಿದ್ಯಾರ್ಥಿಗಳು ಎರಡೆರಡು ತೆರೆದರೆ 120, ಉಳಿದವರಿಗೆ ಬಾಗಿಲು ಮುಚ್ಚಿತು. ಪ್ರತಿ ರೋಲ್‌ಗೂ ಕನೆಕ್ಷನ್ ಲಿಮಿಟ್ ಹಾಕಿ, ಒಟ್ಟು ಮಿತಿಯನ್ನೂ ತುಸು ಏರಿಸಿ. ಮೈಎಸ್‌ಕ್ಯುಎಲ್‌ನಲ್ಲಿ ವಿದ್ಯಾರ್ಥಿಗೆ ತನ್ನ ರಿಜಿಸ್ಟರ್ ನಂಬರಿನಿಂದ ಶುರುವಾಗುವ ಡೇಟಾಬೇಸ್‌ಗಳ ಮೇಲೆ ಮಾತ್ರ ಅಧಿಕಾರ ಕೊಡಬಹುದು. ಗ್ರಾಂಟ್‌ನಲ್ಲಿ ಅಂಡರ್‌ಸ್ಕೋರ್ ಎಂದರೆ ಯಾವ ಅಕ್ಷರವಾದರೂ ಆದೀತು ಎಂಬರ್ಥ, ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಲು ಮರೆಯಬೇಡಿ.

ಆಸ್ಪತ್ರೆ, ಸಹಕಾರಿ ಸಂಘ, ಶಾಲೆ ಹೀಗೆ ಜನರ ವೈಯಕ್ತಿಕ ವಿವರ ಇಟ್ಟುಕೊಂಡವರು ಬಜೆಟ್ ಮೊದಲು ನೋಡುವುದು ಬೇಡ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿ ಸೋರದಂತೆ ತಕ್ಕ ರಕ್ಷಣೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಇಲ್ಲಿ ಒಂದೇ ಹೆಸರಿನ ಲಾಗ್ ಇಟ್ಟುಕೊಂಡು ಕೂರುವಂತಿಲ್ಲ. ಯಾವ ಸಾಧನವಾದರೂ ಸರಿ, ವ್ಯಕ್ತಿಗೊಂದು ಡೇಟಾಬೇಸ್ ಯೂಸರ್ ಎನ್ನುವುದನ್ನು ಮಾತ್ರ ಸಡಿಲಿಸಬೇಡಿ. ಕಾನೂನಿಗಿಂತ ಹೆಚ್ಚಾಗಿ, ಆ ಟೇಬಲ್‌ಗಳಲ್ಲಿರುವುದು ನಮ್ಮನ್ನು ನಂಬಿ ಬಂದವರ ಕಾಯಿಲೆ, ಸಾಲ, ವಿಳಾಸಗಳು.

ಹಳೆಯ ಪಾಸ್‌ವರ್ಡಿನಿಂದ ಬಿಡಿಸಿಕೊಳ್ಳುವುದು

ಆಯ್ಕೆ ಮಾಡಿದ ಮೇಲೂ ಹಂಚಿಹೋದ ಆ ಹಳೆಯ ಪಾಸ್‌ವರ್ಡ್ ಬದಲಿಸಲು ಎಲ್ಲರಿಗೂ ಅಳುಕು, ಏನು ನಿಂತುಹೋಗುತ್ತದೋ ಎಂದು. ಆ ಅಳುಕು ನ್ಯಾಯವಾದದ್ದೇ, ಆದ್ದರಿಂದ ಕ್ರಮವಾಗಿ ಮಾಡಿ. ಮೊದಲು ಪೋಸ್ಟ್‌ಗ್ರೆಸ್‌ನಲ್ಲಿ ಕನೆಕ್ಷನ್ ಲಾಗ್ ಆನ್ ಮಾಡಿ, ಸಹಜವಾಗಿ ಅದು ಆಫ್ ಇರುತ್ತದೆ. ಒಂದು ತಿಂಗಳು ಪೂರ್ತಿ, ತಿಂಗಳ ಕೊನೆಯ ರಿಪೋರ್ಟ್ ಓಡುವವರೆಗೂ, ಆ ಹಂಚಿದ ಯೂಸರ್ ಹೆಸರಿನಲ್ಲಿ ಯಾವ ಯಾವ ಐಪಿಯಿಂದ ಬರುತ್ತಿದ್ದಾರೆ ಎಂದು ಬರೆದುಕೊಳ್ಳಿ. ಮನುಷ್ಯರಿಗೆ ಅವರ ರೋಲ್, ಪ್ರತಿ ಅಪ್ಲಿಕೇಶನ್ನಿಗೂ ಅದರದೇ ರೋಲ್ ಕೊಡಿ.

ಅಪ್ಲಿಕೇಶನ್ ನಿಲ್ಲಿಸದೆ ಪಾಸ್‌ವರ್ಡ್ ಬದಲಿಸಲು ಮೈಎಸ್‌ಕ್ಯುಎಲ್ 8.0.14ರಿಂದ ಒಂದೇ ಯೂಸರ್‌ಗೆ ಹಳೆಯದು ಹೊಸದು ಎರಡೂ ಕೆಲವು ಕಾಲ ನಡೆಯುವ ಸೌಕರ್ಯವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಗುಂಪಿಗೆ ಸೇರಿದ ಎರಡು ಲಾಗಿನ್ ರೋಲ್ ಇಟ್ಟುಕೊಂಡು, ಒಂದು ಬಳಕೆಯಲ್ಲಿರುವಾಗ ಇನ್ನೊಂದರ ಪಾಸ್‌ವರ್ಡ್ ಬದಲಿಸಿ, ಅದಕ್ಕೆ ದಾಟಿಕೊಳ್ಳಬಹುದು.

ಎಲ್ಲರೂ ದಾಟಿದ ಮೇಲೆ ಹಳೆಯ ಯೂಸರನ್ನು ಕೂಡಲೇ ಅಳಿಸಬೇಡಿ, ಲಾಗಿನ್ ಮಾತ್ರ ಕಿತ್ತುಹಾಕಿ; ಏನಾದರೂ ನಿಂತರೆ ಒಂದೇ ಸಾಲಿನಲ್ಲಿ ಮರಳಿ ಕೊಡಬಹುದು. ನಂತರ ಸೋತ ಲಾಗಿನ್‌ಗಳ ಲಾಗ್ ನೋಡುತ್ತಿರಿ. ಪೋಸ್ಟ್‌ಗ್ರೆಸ್ ಅದನ್ನು ತಾನಾಗಿ ಬರೆಯುತ್ತದೆ, ಮೈಎಸ್‌ಕ್ಯುಎಲ್‌ನಲ್ಲಿ ಎರರ್ ಲಾಗಿನ ವರ್ಬಾಸಿಟಿ 3ಕ್ಕೆ ಏರಿಸಬೇಕು. ಅಲ್ಲಿ ಆ ಹಳೆಯ ಹೆಸರಿನಲ್ಲಿ ಬಾಗಿಲು ತಟ್ಟುವ ಐಪಿಗಳು ಮರೆತುಹೋಗಿದ್ದ ಬ್ಯಾಕಪ್ ಸ್ಕ್ರಿಪ್ಟೋ, ಯಾರದೋ ಎಕ್ಸೆಲ್ ಮ್ಯಾಕ್ರೋವೋ, ಗುರುತೇ ಸಿಗದ ಹೊರಗಿನ ಯಂತ್ರವೋ ಆಗಿರುತ್ತವೆ. ಮೊದಲ ಎರಡಕ್ಕೆ ಹೊಸ ರೋಲ್ ಮಾಡಿಕೊಡಿ, ಮೂರನೆಯದನ್ನು ಫೈರ್‌ವಾಲ್‌ನಲ್ಲಿ ತಡೆದು ಅದು ಎಲ್ಲಿಯದೆಂದು ಅದೇ ದಿನ ಹುಡುಕಿ.